ಗಂಟೆ ಆಫ್ರಿಕಾಕ್ಕೆ ಹೋದ ಶ್ರಾವಣ

ಹೋದ ವಾರ ರಾಯಕೋಟೆಯಿಂದ ಹೊಸೂರಿಗೆ ವಾಪಸು ಬರುವಾಗ ಸಾನಮಾವಿನ ಕಾಡಿನ ಹತ್ತಿರ ಬಸ್ಸು ನಿಂತುಬಿಟ್ಟಿತು. ಕಂಡಕ್ಟರು ಬಾಗಿಲಿನಿಂದ ತಲೆ ಹೊರಗೆ ಹಾಕಿ ನೋಡಿ, "ಯಾನೈ ಪೋಗುದು, ಇರುಂಗ" ಎಂದು ತಮಿಳಿನಲ್ಲಿ ಕೂಗಿ, ಖಾಲಿ ಸೀಟು ನೋಡಿಕೊಂಡು ಕೂತ. ಆನೆಗಳು ರಸ್ತೆ ದಾಟಿ ಮುಗಿಸುವವರೆಗೆ ಯಾರೂ ಏನೂ ಮಾಡುವಂತಿಲ್ಲ. ನನಗೆ ಸೀಟು ಸಿಕ್ಕಿತ್ತು, ಅದೂ ಕಿಟಕಿಯ ಪಕ್ಕ. ಮಂಡಿ ನೋವಿನವಳಿಗೆ ಅಷ್ಟು ಸಿಕ್ಕರೆ ದೇವರು ಕೈಬಿಟ್ಟಿಲ್ಲ ಎಂದುಕೊಳ್ಳಬೇಕು.

ಪಕ್ಕದಲ್ಲಿದ್ದ ಹೆಂಗಸು ಕಾಲಡಿಯ ಟೊಮೇಟೊ ಚೀಲವನ್ನು ಸರಿಮಾಡಿಕೊಳ್ಳುತ್ತ, "ಇವುಕ್ಕೊಂದ್ ಹೊತ್ತಿಲ್ಲ ಗೊತ್ತಿಲ್ಲ. ಹೋದ್ ತಿಂಗ್ಳು ನಮ್ ರಾಗಿ ಹೊಲ್ದಾಗೆ ಬಿದ್ದು ಹೊಳ್ಳಾಡಿ ಹೋಗವೆ. ಇವ್ನ್ ನೋಡಕ್ಕೂ ಬೆಂಗ್ಳೂರಿಂದ ಕಾರ್ ಮಾಡ್ಕೊಂಡ್ ಬತ್ತಾರಂತೆ ಜನ, ಕೆಲ್ಸಿಲ್ದೋರು" ಎಂದಳು.

ಆನೆ ನೋಡಲು ವಿಮಾನ ಹತ್ತಿ ಸಮುದ್ರ ದಾಟಿ ಹೋಗಿಬಂದವಳು ನಾನು ಎಂದು ಆಕೆಗೆ ಯಾವ ಮುಖದಿಂದ ಹೇಳುವುದು? ಅಷ್ಟರಲ್ಲಿ ಗಾಳಿ ಈ ಕಡೆಗೆ ತಿರುಗಿತು. ತುಳಿದ ಹುಲ್ಲು, ಹಸಿ ಲದ್ದಿ, ಬಿಸಿಲಿಗೆ ಕಾದ ಧೂಳು ಮೂರೂ ಬೆರೆತ ವಾಸನೆ ಕಿಟಕಿಯಿಂದ ಒಳಗೆ ಬಂತು. ಕಣ್ಣು ಮುಚ್ಚಿದೆ. ಮೂರು ವರ್ಷದ ಹಿಂದಿನ ಶ್ರಾವಣ ಎದುರಿಗೆ ಬಂದು ನಿಂತಿತು.

ನಮ್ಮ ಯಜಮಾನರದು ಹೊಸೂರಿನಲ್ಲಿ ಪೈಪು, ಮೋಟರಿನ ಅಂಗಡಿ. ಸುತ್ತಲಿನ ಗುಲಾಬಿ ತೋಟದವರು ಹನಿ ನೀರಾವರಿಗೆ ಬೇಕಾದದ್ದನ್ನೆಲ್ಲ ಅಲ್ಲೇ ಕೊಳ್ಳುತ್ತಾರೆ. ಪೈಪು ಕಂಪನಿಯವರು ತಾವು ಹೇಳಿದಷ್ಟು ಮಾಲು ಮಾರಿದ ಅಂಗಡಿಯವರನ್ನು ವರ್ಷಕ್ಕೊಮ್ಮೆ ಹೆಂಡತಿ ಸಮೇತ ಫಾರಿನ್ ಟೂರಿಗೆ ಕರೆದುಕೊಂಡು ಹೋಗುತ್ತಾರೆ. ಹಿಂದೆ ಎರಡು ಸಲ ನಮ್ಮವರಿಗೆ ಸ್ವಲ್ಪದರಲ್ಲಿ ತಪ್ಪಿಹೋಗಿತ್ತು. ಆ ವರ್ಷ ಸಿಕ್ಕಿತು. ಸಂಜೆ ಚಪ್ಪಲಿ ಬಿಡುವಷ್ಟರಲ್ಲೇ ಶುರುಮಾಡಿದರು.

"ಲೇ ಕಮಲಾ, ಆಫ್ರಿಕಾ ಕಣೇ! ಸಿಂಹ ನೋಡಕ್ಕೆ!"

"ಯಾವಾಗ?"

"ಶ್ರಾವಣ್ದಾಗೆ."

"ಶ್ರಾವಣ ಶನಿವಾರ ಬಿಟ್ಟು ಎಲ್ಲಿಗ್ರೀ ಬರಾದು?"

"ಅಲ್ಲೂ ಶನಿವಾರ ಬತ್ತದೆ ಬಾರೇ. ವೆಂಕಟ್ರಮಣಸ್ವಾಮಿ ಏನ್ ನಿನ್ ಪಾಸ್‌ಪೋರ್ಟ್ ಕೇಳ್ತಾನಾ?"

ನಿಜ ಹೇಳಬೇಕೆಂದರೆ ನನಗೆ ಸಿಂಹ ಬೇಕಿರಲಿಲ್ಲ. ಅದರ ಹಿಂದಿನ ವರ್ಷ ಅತ್ತೆ ತೀರಿಕೊಂಡಿದ್ದರು. ಐದು ವರ್ಷ ಹಾಸಿಗೆಯಲ್ಲೇ ಇದ್ದರು. ಅವರನ್ನು ಹೊರಳಿಸುವುದು, ಒರೆಸುವುದು, ಬಟ್ಟೆ ಬದಲಿಸುವುದು, ಗಂಜಿ ಕುಡಿಸುವುದು. ಅವರು ಹೋದ ಮೇಲೂ ನನ್ನ ಸೊಂಟಕ್ಕೆ ಅದು ಗೊತ್ತಾಗಿರಲಿಲ್ಲ, ಬೆಳಗಿನ ಜಾವ ನಾಲ್ಕಕ್ಕೆ ತಾನಾಗಿ ಎಬ್ಬಿಸುತ್ತಿತ್ತು. ಒಂಬತ್ತು ದಿನ ಯಾರೂ ನನ್ನ ಹೆಸರು ಹಿಡಿದು ಕರೆಯದ ಕಡೆ ಇದ್ದು ಬರಬೇಕು ಅನ್ನಿಸಿತು. ಹೂಂ ಎಂದೆ.

ಉಳಿದದ್ದು ಅಮ್ಮಣ್ಣಿಯ ಪ್ರಶ್ನೆ.

ಅಮ್ಮಣ್ಣಿ ನಮ್ಮ ನಾಯಿ. ಅತ್ತೆಯೇ ಹೆಸರಿಟ್ಟದ್ದು. ಬೀದಿ ನಾಯಿಯ ಮರಿ, ಕಂದು ಬಣ್ಣ, ಒಂದು ಕಿವಿ ಮಡಚಿಕೊಂಡಿರುತ್ತಿತ್ತು. ಅತ್ತೆ ಹೋದ ಮೇಲೆ ಬೀಗದ ಕೈ ನನ್ನ ಸೊಂಟಕ್ಕೆ ಬಂತು, ಅಧಿಕಾರ ಅಮ್ಮಣ್ಣಿಗೆ ಹೋಯಿತು. ಹಾಲಿನವನು ಪ್ಯಾಕೆಟ್ಟನ್ನು ಅವಳಿಗೆ ತೋರಿಸಿಯೇ ಒಳಗೆ ಕೊಡಬೇಕು. ಯಜಮಾನರು ಫೋನಿನಲ್ಲಿ ಸ್ವಲ್ಪ ಜಾಸ್ತಿ ಮಾತಾಡಿದರೆ ಎದುರಿಗೆ ನಿಂತು ಬೊಗಳಿ ಫೋನ್ ಇಡಿಸುವಳು. ಮಧ್ಯಾಹ್ನ ಮೂರು ದಾಟಿದರೆ ನನ್ನ ಹೊದಿಕೆ ಎಳೆಯುವಳು. ಅಡುಗೆಮನೆಯಲ್ಲಿ ನಿಂತುಕೊಂಡೇ ಎರಡು ತುತ್ತು ಬಾಯಿಗೆ ಹಾಕಿಕೊಳ್ಳೋಣವೆಂದರೆ ಸೆರಗು ಹಿಡಿದು ಜಗ್ಗುವಳು. "ನೆಮ್ಮದಿಯಾಗಿ ತಿನ್ನಕ್ಕೂ ಬಿಡಲ್ವಲ್ಲೇ ಮುಂಡೇದೆ" ಎಂದು ಬೈಯುತ್ತಿದ್ದೆ.

ಆದರೆ ಒಂದು ವಿಷಯದಲ್ಲಿ ಅವಳ ಕೀರ್ತಿ ಬೀದಿಗೆಲ್ಲ ಹಬ್ಬಿತ್ತು. ನಾನು ಪೂಜೆ ಮಾಡಿ ಗಂಟೆ ಬಾರಿಸದೆ ಅವಳು ಬಟ್ಟಲಿಗೆ ಮೂತಿ ಇಡುತ್ತಿರಲಿಲ್ಲ. ಗಂಟೆ ತಡವಾದರೆ ದೇವರ ಕೋಣೆಯ ಬಾಗಿಲಲ್ಲಿ ಕೂತು ನನ್ನನ್ನು ಗದರುವಳು. ಶನಿವಾರ ನನ್ನದು ಒಪ್ಪತ್ತು, ಮಧ್ಯಾಹ್ನ ಒಂದೇ ಊಟ. ಅವಳದೂ ಒಪ್ಪತ್ತೇ. ಬೆಳಗ್ಗೆ ಬಟ್ಟಲಿಟ್ಟರೂ ಮಧ್ಯಾಹ್ನದವರೆಗೆ ಮುಟ್ಟುತ್ತಿರಲಿಲ್ಲ. ಅತ್ತೆ ಬಂದವರಿಗೆಲ್ಲ ಮಲಗಿದಲ್ಲಿಂದಲೇ ಹೇಳುತ್ತಿದ್ದರು: "ನೋಡ್ರವ್ವಾ, ಶನ್ವಾರ ಮಾಡೋ ನಾಯಿ ನಮ್ಮನೇದು!" ಅಕ್ಕಪಕ್ಕದವರು ಮಕ್ಕಳನ್ನು ಕರೆತಂದು ತೋರಿಸುತ್ತಿದ್ದರು. ನನ್ನ ಪೂಜೆಯ ಫಲ ಮೂಕಪ್ರಾಣಿಗೂ ತಟ್ಟಿದೆ ಎಂದು ನಾನೂ ಒಳಗೊಳಗೇ ಉಬ್ಬಿದ್ದೆ. ಸುಳ್ಳು ಏಕೆ ಹೇಳಲಿ.

ಮಗಳು ಕೃಷ್ಣಗಿರಿಯಲ್ಲಿ ಟೀಚರು, ಅವಳಿಗೆ ರಜೆಯಿರಲಿಲ್ಲ. ಯಜಮಾನರ ತಂಗಿ ರತ್ನ ರಾಯಕೋಟೆಯಿಂದ ಬಂದು ಮನೆಯಲ್ಲಿರಲು ಒಪ್ಪಿದಳು. ಅಮ್ಮಣ್ಣಿಗೆ ಬೆಳಗ್ಗೆ ಹಾಲು ಮುದ್ದೆ, ರಾತ್ರಿ ಮೊಸರನ್ನ, ಮಾತ್ರೆ ಬೆಲ್ಲದಲ್ಲಿಟ್ಟು ಕೊಡುವುದು, ಎಲ್ಲ ಹೇಳಿಕೊಟ್ಟೆ. ಹೇಳಿಕೊಟ್ಟು ನನ್ನ ಪೆಟ್ಟಿಗೆ ಜೋಡಿಸಿದೆ. ಶ್ರಾವಣ ಶನಿವಾರ ಎಲ್ಲಿದ್ದರೂ ಪೂಜೆ ತಪ್ಪಬಾರದು ಎಂದು ಸಣ್ಣದೊಂದು ಸ್ವಾಮಿಯ ಪಟ, ಕುಂಕುಮ, ಬತ್ತಿ, ಅದರ ಜೊತೆಗೆ ರವಿಕೆ ಬಟ್ಟೆಯಲ್ಲಿ ಸುತ್ತಿ ಮನೆಯ ಹಿತ್ತಾಳೆ ಗಂಟೆಯನ್ನೂ ಇಟ್ಟುಕೊಂಡೆ. ನಾಯಿಗೆ ಬೇಕಾದದ್ದನ್ನೆಲ್ಲ ನೆನಪಿಟ್ಟವಳಿಗೆ ಅದೊಂದು ಹೊಳೆಯಲಿಲ್ಲ. ಅಮ್ಮಣ್ಣಿ ಬಂದ ಒಂಬತ್ತು ವರ್ಷದಲ್ಲಿ ನಾನು ಒಂದು ರಾತ್ರಿಯೂ ಮನೆ ಬಿಟ್ಟವಳಲ್ಲ. ಹೊಳೆಯುವುದಾದರೂ ಹೇಗೆ?

ಬುಧವಾರ ಹೊರಟೆವು. ಗುರುವಾರ ಕೀನ್ಯಾದಲ್ಲಿ ಇಳಿದೆವು. ಶುಕ್ರವಾರ ಇಡೀ ಬೆಳಗ್ಗೆ ಜೀಪಿನಲ್ಲಿ ಕುಲುಕಾಟ. "ಇದರ ಮುಂದೆ ನಮ್ ಕೆಲಮಂಗಲದ ರೋಡೇ ವಾಸಿ" ಎಂದು ಯಜಮಾನರು ನಕ್ಕರು. ಅವರಿಗೆ ಎಲ್ಲವೂ ನಗು. ಅರವತ್ತನೇ ವಯಸ್ಸಿನಲ್ಲಿ ಮೊದಲನೇ ಸಲ ವಿಮಾನ ಹತ್ತಿದ್ದರು, ಹೊಸ ಟೋಪಿ ಹಾಕಿಕೊಂಡಿದ್ದರು. ಮಧ್ಯಾಹ್ನದ ಹೊತ್ತಿಗೆ ಹುಲ್ಲುಗಾವಲಿನ ನಡುವೆ ಸಾಲಾಗಿ ಡೇರೆ ಹಾಕಿದ್ದ ಜಾಗಕ್ಕೆ ಬಂದೆವು. ಡೇರೆಯಲ್ಲಿ ಮಂಚ, ಬಿಸಿನೀರು, ಕನ್ನಡಿ ಎಲ್ಲ ಇತ್ತು. ಅಲ್ಲಿಯ ಮ್ಯಾನೇಜರು ಒಂದು ನಿಯಮ ಹೇಳಿದ. ಪ್ರಾಣಿ ಹತ್ತಿರ ಬಂದರೆ ಹೊರಗೆ ಬರಬೇಡಿ, ಡೇರೆಯ ಬಾಗಿಲಲ್ಲಿ ಕಟ್ಟಿರುವ ಗಂಟೆ ಬಾರಿಸಿ, ಕಾವಲಿನವರು ಬರುತ್ತಾರೆ ಎಂದ.

ಅಂದು ಸಂಜೆ ಊಟದ ಚಪ್ಪರದ ಬಳಿ ನನ್ನ ಫೋನು ಹೊಡೆದುಕೊಂಡಿತು. ರತ್ನ.

"ಅತ್ಗೇ, ನಿಮ್ ಅಮ್ಮಣ್ಣಿ ಎಲ್ಡ್ ದಿನದಿಂದ ಒಂದಗ್ಳು ಮುಟ್ಟಿಲ್ಲ. ಬರೀ ನೀರು. ಗಂಟೆ ಎಲ್ಲಿಕ್ಕಿದೀರಿ? ಹುಡುಕಿ ಹುಡುಕಿ ಸಾಕಾಯ್ತು. ಲೋಟ ಬಡ್ದೆ, ಪಕ್ಕದ್ ಮನೆ ಗಂಟೆ ತಂದು ಬಾರ್ಸುದ್ರೆ ಮಕ ತಿರುಗ್ಸ್‌ಬುಟ್ಳು."

ಗಂಟೆ ನನ್ನ ಪೆಟ್ಟಿಗೆಯಲ್ಲಿತ್ತು. "ಇಲ್ಲೈತೆ ಕಣೇ" ಎಂದೆ.

"ಅಯ್ಯೋ! ಆಫ್ರಿಕಾಕ್ಕೆ ತಗೊಂಡ್ ಹೋದ್ರಾ? ಹಂಗಾದ್ರೆ ವಿಡಿಯೋದಾಗೆ ಬಾರ್ಸಿ ಅತ್ಗೆ, ಕೇಳುಸ್ಕೊಂಡ್ ತಿಂತಾಳೇನೋ."

ಅದು ಸರಿಯಾದ ಉಪಾಯ. ಡೇರೆ ಇಪ್ಪತ್ತು ಹೆಜ್ಜೆ ದೂರ. ಫೋನಿನಲ್ಲಿ ಮೂರು ಗೀಟು ನೆಟ್‌ವರ್ಕ್ ಇತ್ತು, ನಾನೇ ನೋಡಿದೆ. ಆದರೂ ನನ್ನ ಬಾಯಿಂದ ಬಂದದ್ದು ಬೇರೆ.

"ಇಲ್ಲಿ ವಿಡಿಯೋ ಬರಲ್ಲ ರತ್ನಾ. ನಾಳೆ ನೋಡಾಣ."

ಯಾಕೆ ಹಾಗೆ ಹೇಳಿದೆ? ಈಗಲೂ ಕೇಳಿಕೊಳ್ಳುತ್ತೇನೆ. ಇವತ್ತು ಬಾರಿಸಿದರೆ ನಾಳೆ ಬೆಳಗ್ಗೆ ಬಾರಿಸಬೇಕು, ಸಂಜೆ ಬಾರಿಸಬೇಕು, ಅಲ್ಲಿಯ ಹೊತ್ತು ನೋಡಿಕೊಂಡು ಇಲ್ಲಿ ಏಳಬೇಕು. ಸಮುದ್ರ ದಾಟಿ ಬಂದರೂ ನನ್ನ ಸೆರಗು ಆ ನಾಯಿಯ ಬಾಯಲ್ಲೇ ಇದೆ ಅನ್ನಿಸಿತು. ಒಂದು ದಿನ. ಒಂದೇ ದಿನ ಬಿಡಲಿ ಎಂದುಕೊಂಡು ಫೋನ್ ಆರಿಸಿ, ಏಳು ಗಂಟೆಗೆಲ್ಲ ಮಲಗಿಬಿಟ್ಟೆ.

ಎಚ್ಚರವಾದದ್ದು ಡೇರೆಯ ಹೊರಗೆ ಯಾರೋ ಹೆಣ್ಣುದನಿಯಲ್ಲಿ ಮೆಲ್ಲಗೆ ಕರೆದಾಗ. ಒಬ್ಬ ಹೆಂಗಸು ತಟ್ಟೆಯಲ್ಲಿ ಟೀ, ಎರಡು ಬಿಸ್ಕತ್ತು ತಂದು ಮಂಚದ ಪಕ್ಕ ಇಟ್ಟು ಹೋದಳು. ನಾನು ಏಳುವ ಮೊದಲೇ ಯಾರೋ ನನಗೆಂದು ಟೀ ಮಾಡಿ ತಂದದ್ದು ಮದುವೆಯಾದ ಮೇಲೆ ಅದೇ ಮೊದಲು. ಟೀ ಕುಡಿಯುತ್ತ ಅಳು ಬಂತು. ಬಹಳ ಸುಸ್ತಾದಾಗ ಬರುವ ಅಳು ಅದು. ಆಮೇಲೆ ನೆನಪಾಯಿತು, ಅಂದು ಶ್ರಾವಣ ಶನಿವಾರ. ಜೀಪಿಗೆ ಹೊತ್ತಾಗಿತ್ತು. ಪಟಕ್ಕೆ ಕೈಮುಗಿದು ಓಡಿದೆ. ಸಮುದ್ರದಾಚೆ ಹೊತ್ತು ತಂದ ಗಂಟೆ ರವಿಕೆ ಬಟ್ಟೆಯೊಳಗೇ ಉಳಿಯಿತು.

ಆ ದಿನ ಏನೇನು ನೋಡಿದೆವೆಂದು ಯಜಮಾನರು ಇವತ್ತಿಗೂ ಬಂದವರಿಗೆ ಹೇಳುತ್ತಾರೆ. ನನಗೆ ನೆನಪಿರುವುದು ಕಡಿಮೆ. ಹುಲ್ಲು ಆಕಾಶದವರೆಗೂ ಹೋಗಿತ್ತು. ಸಿಂಹಗಳು ಮರದ ನೆರಳಲ್ಲಿ ಉಂಡು ಮಲಗಿದ್ದವು, ಪಕ್ಕದಲ್ಲಿ ಅವು ತಿಂದು ಬಿಟ್ಟದ್ದು. ಶ್ರಾವಣದಲ್ಲಿ ಇದನ್ನೆಲ್ಲ ನೋಡಬೇಕಾಯಿತಲ್ಲ ಎಂದು ಮುಖ ತಿರುಗಿಸಿ ಹಾಗೇ ನಿದ್ದೆ ಹೋದೆ.

"ಲೇ, ಚಿರತೆ ಕಣೇ! ಕಣ್ ಬಿಡೇ!"

"ನೋಡ್ದೆ ಬಿಡ್ರೀ."

"ಯಾವಾಗ್ ನೋಡ್ದೆ? ಗೊರಕೆ ಹೊಡೀತಿದ್ಯಲ್ಲೇ!"

ಜೀಪು ಓಡಿಸುತ್ತಿದ್ದ ಜೋಸೆಫ್ ಎಂಬಾತ ಒಂದು ಆನೆ ಹಿಂಡಿನ ಮುಂದೆ ನಿಲ್ಲಿಸಿದ. ಎಲ್ಲಕ್ಕಿಂತ ವಯಸ್ಸಾದ ಹೆಣ್ಣಾನೆಯೇ ಹಿಂಡಿಗೆ ಯಜಮಾನಿ, ಯಾವ ಕಡೆ ಹೋಗಬೇಕು, ಯಾರು ಮೊದಲು ನೀರು ಕುಡಿಯಬೇಕು ಎಲ್ಲ ಅದೇ ತೀರ್ಮಾನ ಮಾಡುವುದು ಎಂದು ಇಂಗ್ಲಿಷಿನಲ್ಲಿ ಹೇಳಿದ. ಯಜಮಾನರು ನನಗೆ ಅರ್ಥ ಹೇಳಿ, "ನಮ್ ಅಮ್ಮಣ್ಣಿ ಥರ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಆನೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ನಾಯಿ ಉಣ್ಣದೆ ಮೂರನೆಯ ದಿನ ಅದು.

ಸಂಜೆ ಡೇರೆಗೆ ಬಂದು ಫೋನ್ ಹಾಕಿದೆ. ರತ್ನನ ದನಿಯಲ್ಲಿ ಅವಳ ಎಂದಿನ ಕುಚೋದ್ಯ ಇರಲಿಲ್ಲ.

"ಡಾಕ್ಟ್ರನ್ನ ಕರ್ಸಿದ್ದೆ ಅತ್ಗೆ. ವಯಸ್ಸಾದ್ ನಾಯಿ, ಕಿಡ್ನಿ ಸರಿಯಿಲ್ಲ, ಇನ್ನೆಲ್ಡ್ ದಿನ ಹಿಂಗೇ ಇದ್ರೆ ಉಳಿಯಾದ್ ಕಷ್ಟ ಅಂದ್ರು. ಬಾಗ್ಲತ್ರ ಬಿದ್ಕೊಂಡವ್ಳೆ. ನಾನ್ ಕರುದ್ರೆ ಬಾಲನೂ ಆಡ್ಸಲ್ಲ. ನಂಗ್ ಭಯ ಆಯ್ತದೆ."

ಯಜಮಾನರಿಗೆ ಡಾಕ್ಟರ ಮಾತು ಹೇಳಿದೆ. ನಾನು ರತ್ನನಿಗೆ ಹೇಳಿದ್ದ ಸುಳ್ಳನ್ನು ಮಾತ್ರ ಬಾಯಿಬಿಡಲಿಲ್ಲ.

ಭಾನುವಾರ ಬೆಳಕು ಹರಿಯುವಾಗ ಪಟದ ಮುಂದೆ ಬತ್ತಿ ಹಚ್ಚಿ, ವಿಡಿಯೋದಲ್ಲಿ ರತ್ನನನ್ನು ಕರೆದು, ಆ ಕಡೆ ಅಮ್ಮಣ್ಣಿಯ ಮುಂದೆ ಫೋನ್ ಹಿಡಿಯಲು ಹೇಳಿ, ಗಂಟೆ ಎತ್ತಿ ಬಾರಿಸಿದೆ. ಎರಡು ದಿನದ ಬಾಕಿ ಸೇರಿಸಿ ಜೋರಾಗಿಯೇ ಬಾರಿಸಿದೆ. ಮ್ಯಾನೇಜರು ಹೇಳಿದ್ದ ನಿಯಮ ತಲೆಯಲ್ಲೇ ಇರಲಿಲ್ಲ. ಕೆಂಪು ಚೌಕಳಿ ಬಟ್ಟೆ ಹೊದ್ದ ಇಬ್ಬರು ಎತ್ತರದ ಕಾವಲುಗಾರರು ಈಟಿ ಹಿಡಿದುಕೊಂಡು ಡೇರೆಯೊಳಗೇ ನುಗ್ಗಿದರು. ಪ್ರಾಣಿ ಎಲ್ಲಿ, ಎಲ್ಲಿ ಎಂದು ಮಂಚದ ಕೆಳಗೆಲ್ಲ ಬಗ್ಗಿ ನೋಡಿದರು. ಲುಂಗಿಯಲ್ಲಿದ್ದ ಯಜಮಾನರು ಎರಡೂ ಕೈ ಎತ್ತಿಕೊಂಡು, "ನೋ ಅನಿಮಲ್! ಪೂಜೆ! ಪೂಜೆ!" ಎಂದು ಕೂಗುತ್ತಿದ್ದರು. ಅವರಲ್ಲಿ ಹಿರಿಯನು ಪಟ ನೋಡಿದ, ದೀಪ ನೋಡಿದ, ಈಟಿಯನ್ನು ಹೊರಗಿಟ್ಟು ಬಂದು ತಲೆ ಬಾಗಿಸಿ ನಿಂತ. ಆ ಮನುಷ್ಯನನ್ನು ದೇವರು ಚೆನ್ನಾಗಿಟ್ಟಿರಲಿ.

ಫೋನಿನಲ್ಲಿ ಅಮ್ಮಣ್ಣಿ ಎದ್ದಿದ್ದಳು. ತೂರಾಡುತ್ತ ಬಂದು ಫೋನಿನ ಹಿಂದೆ ನೋಡಿದಳು. ದೇವರ ಕೋಣೆಯ ಬಾಗಿಲಿಗೆ ಹೋದಳು, ಅಡುಗೆಮನೆಯ ಹೊಸಿಲಿಗೆ ಹೋಗಿ ಒಳಗೆ ಇಣುಕಿದಳು. ಅಲ್ಲೇ ಮಲಗಿಬಿಟ್ಟಳು. ಬಟ್ಟಲು ಪಕ್ಕದಲ್ಲೇ ಇತ್ತು.

ಮನೆಯ ಗಂಟೆಯಿಂದಲೂ ಆಗಲಿಲ್ಲ. ಇನ್ನು ಯಾವ ದಾರಿ?

"ವಾಪಸ್ ಹೋಗಾಣ್ರೀ" ಎಂದೆ.

"ನಾಯಿಗೋಸ್ಕರಾನಾ?" ಎಂದರು. ಸ್ವಲ್ಪ ಹೊತ್ತು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತರು. ಆಮೇಲೆ ಎದ್ದು ಟೂರಿನವನ ಹತ್ತಿರ ಟಿಕೆಟ್ ಬದಲಿಸಲು ಆಗುತ್ತದೆಯೇ ಎಂದು ಕೇಳಲು ಹೋದರು. ಮಂಗಳವಾರಕ್ಕೆ ಮೊದಲು ಆಗುವುದಿಲ್ಲವಂತೆ. ಅಷ್ಟು ದಿನ ಅವಳು ತಡೆಯುವುದಿಲ್ಲ. ಅಂದು ನಾವಿಬ್ಬರೂ ಜೀಪು ಹತ್ತಲಿಲ್ಲ.

ಮಧ್ಯಾಹ್ನ ಒಂದು ಗಂಟೆಗೆ ಯಜಮಾನರು ಬಲವಂತ ಮಾಡಿ ಊಟಕ್ಕೆ ಕೂರಿಸಿದರು. ಅನ್ನ, ಬೇಳೆ, ಮೊಸರು. ಅಷ್ಟರಲ್ಲಿ ರತ್ನ ವಿಡಿಯೋ ಮಾಡಿದಳು. ನೀವು ಮಾತಾಡಿಸ್ತಾ ಇರಿ, ದನಿನಾದ್ರೂ ಕೇಳ್ಲಿ ಎಂದಳು. ಕೊನೆಯ ಸಲ ನೋಡಿಸುತ್ತಿದ್ದಾಳೆ ಎಂದು ನನಗೆ ಅರ್ಥವಾಯಿತು. ಫೋನನ್ನು ನೀರಿನ ಬಾಟಲಿಗೆ ಒರಗಿಸಿದೆ. ಆ ಕಡೆ ಅಮ್ಮಣ್ಣಿ ಹೊಸಿಲಿನ ಮೇಲೆ ಗದ್ದವಿಟ್ಟು ಮಲಗಿದ್ದಳು. ಏನು ಮಾತಾಡಲಿ? ತೋಚದೆ ಒಂದು ತುತ್ತು ಕಲಸಿ ಬಾಯಿಗಿಟ್ಟೆ.

ಅವಳ ನೆಟ್ಟಗಿದ್ದ ಕಿವಿ ಅಲ್ಲಾಡಿತು. ತಲೆ ಎತ್ತಿದಳು. ನನ್ನ ತಟ್ಟೆ ನೋಡಿದಳು, ನನ್ನ ಬಾಯಿ ನೋಡಿದಳು. ಇನ್ನೊಂದು ತುತ್ತು ತಿಂದೆ. ಅವಳು ಎದ್ದಳು. ಫೋನಿನಲ್ಲಿ ಕಾಣದ ಕಡೆ ಹೋದಳು. ಆಮೇಲೆ ಸದ್ದು ಕೇಳಿಸಿತು, ಸ್ಟೀಲು ಬಟ್ಟಲಿನಲ್ಲಿ ನಾಲಿಗೆ ಆಡುವ ಸದ್ದು.

"ಅತ್ಗೇ! ತಿಂತಾವ್ಳೆ! ಅಯ್ಯೋ ಸ್ವಾಮೀ, ತಿಂತಾವ್ಳೆ ಕಣತ್ಗೆ!"

ನಾನು ಹಾಗೇ ಕೈ ಎತ್ತಿಕೊಂಡು ಕೂತುಬಿಟ್ಟೆ.

"ನಿಲ್ಲುಸ್‌ಬ್ಯಾಡಿ ಅತ್ಗೆ! ನೀವ್ ನಿಲ್ಸಿದ್ಕೆ ಅವ್ಳೂ ನಿಲ್ಲುಸ್ಬುಟ್ಳು, ತಿರ್ಗಿ ನೋಡ್ತಾವ್ಳೆ! ಉಣ್ರೀ, ಉಣ್ರೀ!"

ಉಂಡೆ. ಎರಡು ಸಲ ಬಡಿಸಿಕೊಂಡು ಉಂಡೆ. ನಮ್ಮ ಜೊತೆ ಟೂರಿಗೆ ಬಂದಿದ್ದ ಪಕ್ಕದ ಮೇಜಿನ ಅಂಗಡಿಯವರೆಲ್ಲ ಎದ್ದು ಬಂದು ಸುತ್ತ ನಿಂತರು. ಸಿಂಹ ನೋಡಿದಾಗಲೂ ಅವರು ಅಷ್ಟು ಗದ್ದಲ ಮಾಡಿರಲಿಲ್ಲ. ಯಜಮಾನರು ಟೋಪಿಯಿಂದ ಮುಖ ಮುಚ್ಚಿಕೊಂಡು ಕೂತಿದ್ದರು. ನಗುತ್ತಿದ್ದರೋ ಏನೋ ನಾನು ನೋಡಲು ಹೋಗಲಿಲ್ಲ.

ಸಂಜೆ ಡೇರೆಯ ಮುಂದೆ ಒಬ್ಬಳೇ ಕೂತಾಗ ಎಲ್ಲ ಒಂದೊಂದಾಗಿ ತಿಳಿಯುತ್ತ ಬಂತು. ಶನಿವಾರ ಬೆಳಗ್ಗೆಯೂ ನಾನು ಗಂಟೆ ಬಾರಿಸುತ್ತಿದ್ದೆ. ಅವಳು ಮಾತ್ರ ಮಧ್ಯಾಹ್ನದವರೆಗೆ ಕಾಯುತ್ತಿದ್ದಳು. ಅವಳಿಗೆ ಶನಿವಾರವೂ ಗೊತ್ತಿಲ್ಲ, ವ್ರತವೂ ಗೊತ್ತಿಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ನಾನು ತಟ್ಟೆ ಹಿಡಿದು ಹೊಸಿಲ ಬಳಿ ಕೂರುವುದನ್ನು ಕಾಯುತ್ತಿದ್ದಳು. ನಾನು ಕೂರದಿದ್ದರೆ ಸೆರಗು ಜಗ್ಗಿ ಕೂರಿಸುತ್ತಿದ್ದಳು. ಗಂಟೆಗೆ ಅವಳು ಅವಸರ ಮಾಡುತ್ತಿದ್ದದ್ದು, ಅದಾದ ಮೇಲೆ ತಾನೇ ನನ್ನ ಊಟದ ಸರದಿ ಬರುವುದು, ಅದಕ್ಕೆ. ನಾಯಿ ದೇವರಿಗೆ ಕಾಯುತ್ತದೆ ಎಂದು ಬೀದಿಗೆಲ್ಲ ಹೇಳಿಕೊಂಡು ಒಂಬತ್ತು ವರ್ಷ ಉಬ್ಬಿದ್ದೆನಲ್ಲ! ಆ ಮನೆಯಲ್ಲಿ ನನ್ನ ಊಟವಾಯಿತೇ ಎಂದು ಅವಳ ಹೊರತು ಇನ್ನು ಯಾರು ಕೇಳಿದ್ದರು ಎಂದು ಯೋಚಿಸಲು ಹೋಗಿ, ಬೇಡವೆಂದು ಬಿಟ್ಟೆ. ಕೇಳುವ ಒಂದು ಜೀವವನ್ನು ಸ್ವಾಮಿ ಕೊಟ್ಟಿದ್ದನಲ್ಲ, ನಾಲ್ಕು ಕಾಲಿನದಾದರೇನು.

ಟಿಕೆಟ್ ಬದಲಿಸಲಿಲ್ಲ. ಉಳಿದ ದಿನಗಳಲ್ಲಿ ದಿನಾ ಎರಡು ಹೊತ್ತು ಫೋನಿನ ಮುಂದೆ ಕೂತು ಉಂಡೆ. ಮೂವತ್ತು ವರ್ಷದಲ್ಲಿ ಹೊತ್ತಿಗೆ ಸರಿಯಾಗಿ, ಬಿಸಿಯಾಗಿ, ಕೂತು ಉಂಡ ನಾಲ್ಕು ದಿನ ಅವು. ಯಜಮಾನರಿಗೆ ನದಿ ದಾಟುವ ಕಾಡುಪ್ರಾಣಿಗಳ ದೊಡ್ಡ ಹಿಂಡು ನೋಡಲು ಸಿಕ್ಕಿತು, ಕುಣಿದಾಡಿಬಿಟ್ಟರು. ಅವರ ಮುಖ ನೋಡಿ, ಹೋಗಲಿ, ಇವರ ಟೂರು ಕೆಡಲಿಲ್ಲವಲ್ಲ ಎಂದು ಕೈಮುಗಿದೆ.

ಹೊಸೂರಿಗೆ ಬಂದಾಗ ಬೆಳಗ್ಗೆ ಹನ್ನೊಂದು. ಎರಡು ವಿಮಾನ, ಒಂದು ಕಾರು, ಕಾಲು ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಅಮ್ಮಣ್ಣಿ ಬಾಗಿಲವರೆಗೆ ಬಂದಳು, ನೋಡಿದಳು, ಮುಖ ಗೋಡೆಗೆ ತಿರುಗಿಸಿ ಕೂತಳು. ಪಕ್ಕೆಯ ಎಲುಬು ಎಣಿಸುವಂತಿತ್ತು. ರತ್ನ, "ಕ್ವಾಪ ಕಣತ್ಗೆ, ಇಳೀತದೆ ಬಿಡಿ. ಮೊದ್ಲು ನೀವ್ ಒಂಚೂರು ಉಣ್ರಿ" ಎಂದು ತಟ್ಟೆಗೆ ಮೊಸರನ್ನ ಹಾಕಿಕೊಟ್ಟು ಬಟ್ಟೆ ಒಣಗಿಸಲು ಮಹಡಿಗೆ ಹೋದಳು. ಯಜಮಾನರು ಟೋಪಿ ಸಮೇತ ಸೋಫಾದ ಮೇಲೆ ನಿದ್ದೆ ಹೋಗಿದ್ದರು.

ಹೊಸಿಲ ಬಳಿ ಗೋಡೆಗೆ ಒರಗಿ ಕೂತೆ. ಅಮ್ಮಣ್ಣಿ ನಿಧಾನವಾಗಿ ಎದ್ದು ಬಂದು ನನ್ನ ಎದುರಿಗೆ ಕೂತಳು. ಅವಳ ಬಟ್ಟಲಲ್ಲೂ ಮೊಸರನ್ನವಿತ್ತು. ನಾಲ್ಕು ತುತ್ತು ಉಂಡೆ, ಆಮೇಲೆ ಕೈ ಏಳಲಿಲ್ಲ. ಯಾರಿಗೂ ಹೇಳದ ಮಾತು, ದೇವರ ಮುಂದೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ.

"ಶುಕ್ರವಾರ ನೆಟ್‌ವರ್ಕ್ ಇತ್ತು ಕಣೇ ಅಮ್ಮಣ್ಣಿ" ಎಂದೆ. "ನಾನೇ ಸುಳ್ಳು ಹೇಳ್ದೆ. ನೀನು ಉಪವಾಸ ಇದೀಯ ಅಂತ ಗೊತ್ತಿದ್ದೂ ಹೇಳ್ದೆ. ನಂಗೆ ಸಾಕಾಗೋಗಿತ್ತು, ತಾಯಿ."

ಅವಳು ಕಿವಿ ಹಿಂದಕ್ಕೆ ಮಾಡಿ ಒಂದು ಸಲ ಗಟ್ಟಿಯಾಗಿ ಬೊಗಳಿದಳು. ನನ್ನ ತಪ್ಪು ಕೇಳುತ್ತ ಕೂರುವಷ್ಟು ಪುರುಸೊತ್ತು ಅವಳಿಗಿರಲಿಲ್ಲ. ನನ್ನ ತಟ್ಟೆಯಲ್ಲಿ ಇನ್ನೂ ಎರಡು ತುತ್ತು ಉಳಿದಿತ್ತು.